ತಂದೆಯ ಸಹಿ

ಪಟ್ಟಂ, ತಿರುವನಂತಪುರ
ಮಂಗಳವಾರ, ಜನವರಿ ೧೩

ಚಿರಂಜೀವಿ ಋತ್ವಿಕನಿಗೆ,

ತಾಯಿಯ ತುಂಬುಮನಸ್ಸಿನ ಆಶೀರ್ವಾದಗಳು. ಭಾನುವಾರ ಸಂಜೆ ಕೈಸೇರಿದ ನಿನ್ನ ಪತ್ರಕ್ಕೆ ಮಂಗಳವಾರ ಉತ್ತರ ಬರೆಯುತ್ತಿದ್ದೇನೆ. ಕೊಟ್ಟ ಪಾಠವನ್ನು ಮರುದಿನವೇ ತಂದೊಪ್ಪಿಸಬೇಕೆಂದು ಮೂವತ್ತೊಂದು ವರ್ಷ ಮಕ್ಕಳಿಗೆ ಹೇಳಿದವಳು ಇಷ್ಟು ತಡಮಾಡಿದ್ದಕ್ಕೆ ಕ್ಷಮಿಸು. ಎರಡು ಸಲ ಬರೆಯಲು ಕುಳಿತೆ, ಎರಡು ಸಲವೂ ಎದ್ದುಹೋದೆ. ನಾವಿಬ್ಬರೂ ಆರೋಗ್ಯವಾಗಿದ್ದೇವೆ. ನಿನ್ನ ತಂದೆಯವರ ರಕ್ತದೊತ್ತಡ ಹತೋಟಿಯಲ್ಲಿದೆ ಎಂದು ಡಾಕ್ಟರು ಹೇಳಿದ್ದಾರೆ. ಅವರಿಗೆ ಟೀವಿಯಲ್ಲಿ ಯುದ್ಧದ ಸುದ್ದಿ ನೋಡುವುದನ್ನು ಬಿಡಿಸಿ ಎಂದೂ ಹೇಳಿದ್ದಾರೆ. ಎರಡನೆಯದು ನನ್ನಿಂದಾಗಿಲ್ಲ.

ಪತ್ರ ತಂದ ಜೋಸೆಫ್ ಸಭ್ಯ ಹುಡುಗ. ಮಣಿಕಟ್ಟು ಮುರಿದು ಪ್ಲಾಸ್ಟರ್ ಹಾಕಿದ್ದರಿಂದ ತನ್ನನ್ನು ನಿಮ್ಮ ಹಡಗಿನಿಂದ ಇಳಿಸಿ ವಿಳಿಂಜಂನ ಮನೆಗೆ ಕಳಿಸಿದ್ದಾರೆಂದು ತಲೆ ತಗ್ಗಿಸಿಕೊಂಡೇ ಹೇಳಿದ. ಕೈ ಮುರಿಯಿತೆಂದು ಕೇಳಿ ಅವನ ತಾಯಿ ಇಗರ್ಜಿಗೆ ಹೋಗಿ ಮೇಣದಬತ್ತಿ ಹಚ್ಚಿ ಬಂದಳಂತೆ, ಕೃತಜ್ಞತೆಗೆ. ಅದನ್ನು ಹೇಳಿ ನಗಲು ನೋಡಿದ. ನಾನು ಮಜ್ಜಿಗೆ ತರುವ ನೆಪದಲ್ಲಿ ಒಳಗೆ ಹೋದೆ. ಆ ತಾಯಿಯ ಮೇಲೆ ನನಗೆ ಅಸೂಯೆಯಾಯಿತೆಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ಆಯಿತು.

ನೀನು ಬರೆಯದೆ ಬಿಟ್ಟದ್ದನ್ನು ಅವನು ತಿಳಿಸಿದ. ಬುಧವಾರ ಸಂಜೆ ಹಡಗು ಹೊರಡುತ್ತದೆ. ಎಲ್ಲಿಗೆಂದು ಯಾರೂ ಹೇಳುವಂತಿಲ್ಲ. ಎಲ್ಲರ ಫೋನುಗಳನ್ನೂ ಈಗಾಗಲೇ ತೆಗೆದಿಟ್ಟಿದ್ದಾರೆ. ಮನೆಯವರು ಬಂದರೆ ಅಂದು ಮಧ್ಯಾಹ್ನ ಮೂರು ಗಂಟೆಯವರೆಗೆ ಕೊಚ್ಚಿಯ ವಿಲ್ಲಿಂಗ್ಡನ್ ಐಲ್ಯಾಂಡಿನ ನೌಕಾನೆಲೆಯ ಗೇಟಿನ ಬಳಿ ಹತ್ತು ನಿಮಿಷ ಭೇಟಿಗೆ ಬಿಡುತ್ತಾರೆ. ಜೋಸೆಫ್ ನಾಳೆ ಬೆಳಿಗ್ಗೆ ಆಸ್ಪತ್ರೆಗೆ ತೋರಿಸಲು ಕೊಚ್ಚಿಗೆ ಹಿಂದಿರುಗುವಾಗ ಈ ಪತ್ರವನ್ನು ಒಯ್ಯುವುದಾಗಿ ಒಪ್ಪಿದ್ದಾನೆ.

ಎದುರು ಫ್ಲಾಟಿನ ಕಲ್ಯಾಣಿ ಗಂಟೆಗೊಮ್ಮೆ ಸುದ್ದಿಯನ್ನು ನಮ್ಮ ಬಾಗಿಲಿಗೆ ತರುತ್ತಾಳೆ. ‘ಟೀಚರೇ, ಮೋನ್ ವಿಳಿಚ್ಚೋ?’ ಎಂದು ಕೇಳುತ್ತಾಳೆ. ಮಗ ಫೋನ್ ಮಾಡಿದನೇ ಎಂಬ ಆ ಪ್ರಶ್ನೆ ಕೇಳಿದಾಗಲೆಲ್ಲ ಒಳಕೋಣೆಯಲ್ಲಿ ನಿನ್ನ ತಂದೆಯವರ ಪತ್ರಿಕೆಯ ಪುಟ ತಿರುಗುವ ಸದ್ದು ನಿಲ್ಲುತ್ತದೆ. ಇಲ್ಲವೆಂದು ನಾನು ಹೇಳಿ ಅವಳು ಹೋದ ಮೇಲೆಯೇ ಪುಟ ಮುಂದಕ್ಕೆ ಹೋಗುವುದು. ಏಳು ವರ್ಷಗಳಲ್ಲಿ ನಿನ್ನ ಹೆಸರನ್ನು ಅವರು ಬಾಯಿಬಿಟ್ಟು ಹೇಳಿಲ್ಲ. ಕೇಳಿಸಿಕೊಳ್ಳದೆ ಮಾತ್ರ ಒಂದು ದಿನವೂ ಇದ್ದದ್ದಿಲ್ಲ.

ನಿನ್ನ ಪತ್ರದಲ್ಲಿ ನಾನು ಮತ್ತೆ ಮತ್ತೆ ಓದಿದ ಸಾಲುಗಳು ಇವು: ‘ಅಮ್ಮ, ಹೊರಡುವ ಮೊದಲು ನಮ್ಮ ಹತ್ತಿರ ಒಂದು ಹಾಳೆ ತುಂಬಿಸಿಕೊಳ್ತಾರೆ. ಏನಾದರೂ ಆದರೆ ಮೊದಲು ಯಾರಿಗೆ ತಿಳಿಸಬೇಕು ಅಂತ. ನಾನು ಅಪ್ಪನ ಹೆಸರು ಬರೆದಿದ್ದೇನೆ. ನೀನೊಬ್ಬಳೇ ಇರುವಾಗ ಆ ಫೋನ್ ಬರಬಾರದು. ಸಹಿಯ ವಿಷಯ ಮಾತ್ರ ಎತ್ತಬೇಡ. ಏಳು ವರ್ಷ ನಡೆದದ್ದು ಇನ್ನಷ್ಟು ದಿನ ನಡೆಯುತ್ತದೆ.’

ಇಲ್ಲ ಮಗು, ಇನ್ನು ನಡೆಯದು.

ನಡೆದದ್ದನ್ನು ಬರೆದೇ ಬಿಡುತ್ತೇನೆ. ನಾಳೆ ನಿನ್ನ ತಂದೆಯವರೆದುರು ನಿಂತಾಗ ನಾಲಗೆ ತೊಡರಬಾರದು. ನಿನಗೆ ಆಗ ಹದಿನೇಳು. ನೌಕಾಪಡೆಯ ಅಕಾಡೆಮಿಗೆ ಆಯ್ಕೆಯಾಗಿದ್ದೆ. ಒಪ್ಪಿಗೆ ಪತ್ರದಲ್ಲಿ ತಂದೆಯ ಸಹಿ ಬೇಕಿತ್ತು. ಅವರು ಹಾಕಲಿಲ್ಲ. ‘ಹದಿನೇಳು ವರ್ಷದ ಹುಡುಗನಿಂದ ಇಪ್ಪತ್ತು ವರ್ಷದ ಮಾತು ಬರೆಸಿಕೊಳ್ಳೋದು ನ್ಯಾಯವಲ್ಲ. ಮೂರು ವರ್ಷ ಕಳೆಯಲಿ, ಆಗಲೂ ಬೇಕೆನಿಸಿದರೆ ತಾನೇ ಸಹಿ ಹಾಕಿಕೊಂಡು ಹೋಗಲಿ’ ಎಂದರು. ಬಾಹ್ಯಾಕಾಶ ಸಂಸ್ಥೆಯಲ್ಲಿ ಜೀವಮಾನವೆಲ್ಲ ಅಳೆದು ತೂಗಿ ಕೆಲಸ ಮಾಡಿದವರ ಮಾತು ಅದು. ನಾನು ಅದನ್ನು ಹೇಡಿತನವೆಂದೆ. ತಾಯಿಯ ಸಹಿ ಸಾಕೇ ಎಂದು ಅಕಾಡೆಮಿಯವರನ್ನು ವಿಚಾರಿಸಬಹುದಿತ್ತು. ವಿಚಾರಿಸಲಿಲ್ಲ. ಮರುದಿನ ಶಾಲೆಯ ಸ್ಟಾಫ್ ರೂಮಿನಲ್ಲಿ ಕುಳಿತು, ‘ವಿಶ್ವೇಶ್ವರ’ ಎಂದು ಅವರ ಹಾಗೆಯೇ ಕೊನೆಯ ಅಕ್ಷರವನ್ನು ಎಳೆದು ಬರೆದೆ. ತಂದೆ ಸಹಿ ಹಾಕಿದರೆಂದು ನಿನಗೆ ಹೇಳಿದೆ.

ಹದಿನೈದು ದಿನಕ್ಕೆ ಅಕಾಡೆಮಿಯಿಂದ ಪತ್ರ ಬಂತು. ಮಗನಿಗೆ ಒಪ್ಪಿಗೆ ಕೊಟ್ಟ ತಂದೆಗೆ ಅಭಿನಂದನೆ. ಅವರು ನಿನ್ನನ್ನು ನಡುಮನೆಗೆ ಕರೆದು, ಈ ಸಹಿ ಯಾರದೆಂದು ಕೇಳಿದರು. ನಾನು ಅಡುಗೆಮನೆಯ ಬಾಗಿಲಲ್ಲಿದ್ದೆ. ನೀನು ಒಮ್ಮೆ, ಒಮ್ಮೆ ಮಾತ್ರ, ನನ್ನ ಕಡೆ ನೋಡಿದೆ. ಆಮೇಲೆ ‘ನಾನೇ ಹಾಕಿದೆ ಅಪ್ಪ’ ಎಂದೆ. ನಾನು ಬಾಗಿಲಿನಿಂದ ಕದಲಲಿಲ್ಲ. ಸಹಿ ತಮ್ಮದಲ್ಲವೆಂದು ಅಕಾಡೆಮಿಗೆ ಒಂದು ಸಾಲು ಬರೆದಿದ್ದರೆ ಎಲ್ಲವೂ ಅಲ್ಲಿಗೇ ನಿಲ್ಲುತ್ತಿತ್ತು. ನಿನ್ನ ಹೆಸರು ಕೆಡುತ್ತದೆಂದು ಅವರು ಬರೆಯಲಿಲ್ಲ. ತಮ್ಮ ಹೆಸರನ್ನು ಕದ್ದವನೊಡನೆ ಇನ್ನು ಮಾತಿಲ್ಲವೆಂದರು, ಅಷ್ಟೆ, ಹಾಗೆಯೇ ನಡೆದುಕೊಂಡರು. ನೀನು ರಜೆಗೆ ಬಂದಾಗಲೆಲ್ಲ ಅವರಿಗೆ ಗ್ರಂಥಾಲಯದಲ್ಲಿ ಕೆಲಸವಿರುತ್ತಿತ್ತು.

ಈಗ ಆ ಫೋನ್ ಬರುವುದಾದರೆ ಬರುವುದು ಅವರಿಗೇ. ಮಗ ಮೋಸಗಾರನೆಂದು ನಂಬಿಕೊಂಡೇ ಅವರು ಅದನ್ನು ಎತ್ತಿಕೊಳ್ಳಬೇಕೇ? ಸತ್ಯ ಆಮೇಲೆ ತಿಳಿದರೆ ಅವರು ಉಳಿಯುವುದು ಹೇಗೆ? ನೀನು ನನ್ನನ್ನು ಕಾಪಾಡಲು ಬರೆದ ಆ ಒಂದು ಹೆಸರು ನನ್ನ ಬಾಯಿ ಬಿಡಿಸುತ್ತಿದೆ. ನಾಳೆ ಬೆಳಿಗ್ಗೆ ಕಾಫಿಯಾದ ಕೂಡಲೆ ಹೇಳುತ್ತೇನೆ. ಇಂದೇ ಹೇಳಬೇಕಿತ್ತು. ಮೂರು ಸಲ ಅವರ ಕೋಣೆಯವರೆಗೆ ಹೋಗಿ, ಮಾತ್ರೆ ತೆಗೆದುಕೊಂಡಿರಾ ಎಂದು ಕೇಳಿ ಬಂದೆ. ಮೂರನೆಯ ಸಲ ಅವರು, ‘ದಿನಕ್ಕೆ ಎಷ್ಟು ಮಾತ್ರೆ ನುಂಗಿಸಬೇಕು ಅಂತಿದ್ದೀಯ ನಿರ್ಮಲಾ?’ ಎಂದರು.

ಬುಧವಾರ, ಬೆಳಿಗ್ಗೆ ಎಂಟೂಮುಕ್ಕಾಲು

ಹೇಳಿದೆ.

ಅವರು ಅಂಗಿಗೆ ಇಸ್ತ್ರಿ ಮಾಡುತ್ತಿದ್ದರು. ನಾನು ಎದುರು ನಿಂತು, ಇಂದಿನ ಹತ್ತು ನಿಮಿಷದ ಭೇಟಿಯವರೆಗೆ ಏನನ್ನೂ ಬಿಡದೆ, ನನ್ನ ಪರವಾಗಿ ಒಂದು ಮಾತೂ ಸೇರಿಸದೆ ಹೇಳಿದೆ. ಅವರು ಮೊದಲು ಇಸ್ತ್ರಿಪೆಟ್ಟಿಗೆಯ ಸ್ವಿಚ್ ಆರಿಸಿದರು. ಅದನ್ನು ನೆಟ್ಟಗೆ ನಿಲ್ಲಿಸಿದರು. ಆಮೇಲೆ ಪತ್ರಿಕೆಯ ಅಂಚನ್ನು ಹರಿದು, ಜೇಬಿನ ಪೆನ್ನನ್ನು ನನ್ನ ಮುಂದಿಟ್ಟು, ಬರೆದು ತೋರಿಸಲು ಹೇಳಿದರು.

ಬರೆದೆ. ಸಹಿ ಸ್ವಲ್ಪವೂ ಕೆಡಲಿಲ್ಲ. ಅದೇ ನನಗೆ ಎಲ್ಲಕ್ಕಿಂತ ನಾಚಿಕೆಯಾದದ್ದು. ಅವರು ಕನ್ನಡಕ ಮೇಲೆತ್ತಿ, ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

‘ಪ್ರೋಗ್ರೆಸ್ ಕಾರ್ಡಿನಲ್ಲಿ ಮಕ್ಕಳು ಹಾಕಿಕೊಂಡ ಅಪ್ಪನ ಸಹಿಯನ್ನ ದೂರದಿಂದಲೇ ಹಿಡೀತಿದ್ದವಳು ನೀನು.’

‘ಹೌದು.’

‘ಹಾಗಾದರೆ ಏಳು ವರ್ಷ ನಾನು ಶಿಕ್ಷೆ ಕೊಟ್ಟದ್ದು ಯಾರಿಗೆ?’

ಅವರು ಅಂಗಿಯನ್ನು ತೊಟ್ಟುಕೊಂಡರು, ಒಂದು ತೋಳಿಗೆ ಇಸ್ತ್ರಿಯಾಗಿರಲಿಲ್ಲ. ಕೊಚ್ಚಿಗೆ ರೈಲು ಎಷ್ಟಕ್ಕೆ ಎಂದು ಕೇಳಿದರು. ಒಂಬತ್ತೂವರೆಗೆ ತಂಪಾನೂರು ಸ್ಟೇಷನ್ನಿನಿಂದ ಒಂದಿದೆ, ಸರಿಯಾಗಿ ಓಡಿದರೆ ಎರಡರ ಹೊತ್ತಿಗೆ ಎರ್ನಾಕುಳಂ ತಲುಪುತ್ತದೆ ಎಂದೆ. ‘ತಡವಾದರೆ?’ ಎಂದರು. ತಡವಾದರೆ ಮೂರು ಗಂಟೆ ಮೀರಿಹೋಗುತ್ತದೆ. ನಾನು ಸೀರೆ ಬದಲಿಸಲು ಹೊರಟಾಗ ಕೈ ಅಡ್ಡ ಹಿಡಿದರು. ‘ನೀನು ಬರಬೇಡ. ಹತ್ತೇ ನಿಮಿಷ ಅಂದೆಯಲ್ಲ. ಅದನ್ನ ಹಂಚಿಕೊಳ್ಳೋದು ನನ್ನ ಕೈಲಾಗೋದಿಲ್ಲ’ ಎಂದರು.

ಅದು ನ್ಯಾಯವೇ. ಜೋಸೆಫನಿಗೆ ಫೋನ್ ಮಾಡಿ, ಪತ್ರಕ್ಕೆ ಬರಬೇಡ, ನೇರವಾಗಿ ಸ್ಟೇಷನ್ನಿನಲ್ಲಿ ಇವರ ಜೊತೆಗೂಡು, ಗೇಟಿನವರೆಗೆ ಕರೆದುಕೊಂಡು ಹೋಗು ಎಂದು ಕೇಳಿಕೊಂಡಿದ್ದೇನೆ. ಈ ಪತ್ರವನ್ನು ನಿನ್ನ ತಂದೆಯವರೇ ತರುತ್ತಾರೆ. ಅವರು ಮಾತಾಡಲು ತಡಮಾಡಿದರೆ ನೀನು ತಾಳ್ಮೆಗೆಡಬೇಡ, ಅಭ್ಯಾಸ ತಪ್ಪಿದೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ಮೇಲಿನವರ ಮಾತನ್ನು ಮೀರಬೇಡ, ನಿನ್ನ ಕೆಳಗಿನವರನ್ನು ಬಿಟ್ಟು ಬರಬೇಡ. ನೀನು ಹೋದ ದಾರಿ ನಿನ್ನನ್ನು ಹಾಗೆಯೇ ಹಿಂದಕ್ಕೆ ತಂದು ಬಿಡಲಿ ಎಂಬುದೊಂದೇ ನನ್ನ ಹರಕೆ.

ಇತಿ ನಿನ್ನ ತಾಯಿ,
ನಿರ್ಮಲ

ತಾ.ಕ.: ಆಟೋ ಬಂದಿದೆ, ನಿನ್ನ ತಂದೆಯವರು ಬಾಗಿಲಲ್ಲಿ ಚಪ್ಪಲಿ ಮೆಟ್ಟಿ ನಿಂತಿದ್ದಾರೆ. ಪತ್ರಕ್ಕೆ ಅಂಟು ಹಾಕಿ ಕೊಡುತ್ತೇನೆ, ಅವರು ಓದುವವರಲ್ಲ. ಸಹಿಯ ಸಂಗತಿಯನ್ನು ಅವರಿಗೆ ಹೇಳಿದೆ, ಇದನ್ನು ಹೇಳಿಲ್ಲ. ಅವರು ನಿರಾಕರಿಸಿದ ದಿನ ನೀನು ಆ ಹಾಳೆಯನ್ನು ನನ್ನ ಮೇಜಿನ ಮೇಲಿಟ್ಟು, ‘ಅಪ್ಪ ಹಾಕದಿದ್ದರೆ ಇರಲಿ ಬಿಡಮ್ಮ’ ಎಂದೆ. ನಿರಾಸೆಯಿಂದ ಹೇಳಿದೆಯೆಂದು ಏಳು ವರ್ಷ ನನಗೆ ನಾನೇ ಹೇಳಿಕೊಂಡೆ. ಪರೀಕ್ಷೆ ಮುಂದಕ್ಕೆ ಹೋಯಿತೆಂದು ಕೇಳಿದ ಮಕ್ಕಳ ಮುಖವನ್ನು ನಾನು ಬಲ್ಲೆ, ಋತ್ವಿಕ್. ಅಂದು ನಿನ್ನ ಮುಖ ಹಾಗಿತ್ತು. ಆದರೆ ಆ ಬೆಳಿಗ್ಗೆ ನಮ್ಮ ಶಾಲೆಯ ಪ್ರಾರ್ಥನೆಯ ಸಾಲಿನಲ್ಲಿ, ಅಕಾಡೆಮಿಗೆ ಆಯ್ಕೆಯಾದವನೆಂದು ನಿನ್ನ ಹೆಸರನ್ನು ಮೈಕಿನಲ್ಲಿ ಹೇಳಿದ್ದರು. ಇಡೀ ಶಾಲೆ ನನ್ನ ಕಡೆ ತಿರುಗಿ ಚಪ್ಪಾಳೆ ತಟ್ಟಿತ್ತು. ಅದನ್ನು ಬಿಟ್ಟುಕೊಡಲು ನನ್ನಿಂದಾಗಲಿಲ್ಲ. ನಿನಗೆ ಹೋಗಲು ಮನಸ್ಸಿತ್ತೇ ಎಂದು ನಾನು ಒಮ್ಮೆಯೂ ಕೇಳಲಿಲ್ಲ. ಈಗ ಕೇಳುತ್ತಿದ್ದೇನೆ. ಉತ್ತರವನ್ನು ಬರೆದು ಕಳಿಸಬೇಡ, ಇವರ ಬಾಯಲ್ಲೂ ಹೇಳಿ ಕಳಿಸಬೇಡ. ಬಂದು ನನ್ನೆದುರು ನಿಂತು ಹೇಳು.