ಶಿಫ್ಟ್ ಕೀ, ಎಂಟು ಸೆಕೆಂಡು

ಮಾರ್ಚ್ 3, ಬೆಳಗ್ಗೆ 7.40

ಇವರಿಗೆ ಮಾತ್ರೆ ಕೊಟ್ಟಾಯಿತು. ಗಡ್ಡ ಮಾಡಿದ್ದಾಯಿತು. ಕಚೇರಿಗೆ ಹೊರಡುವ ಮೊದಲು ಮಗಳಿಗೆ ಇಮೇಲ್ ಹಾಕೋಣವೆಂದು ಇವರ ಲ್ಯಾಪ್‌ಟಾಪ್ ಎಳೆದುಕೊಂಡೆ. ಹತ್ತು ಕೀ ಒತ್ತಿದರೆ ಒಂದು ಬೀಳುತ್ತದೆ, ಅದೂ ಮನಸ್ಸು ಬಂದರೆ.

"ಏನ್ ಮಾಡಿದ್ರಿ ಇದಕ್ಕೆ? ಹಾಲು ಚೆಲ್ಲಿದ್ರಾ?" ಎಂದೆ. ಎಡಗೈಯಿಂದ ಮೇಜು ಬಡಿದರು. ಪಾರ್ಶ್ವವಾಯು ಬಡಿದು, ಮಾತು ನಿಂತು ಏಳು ತಿಂಗಳು. ಇವರಿಗೆ ಉಳಿದಿರುವ ನಾಲಗೆ ಈ ಕೀಬೋರ್ಡ್ ಒಂದೇ. ಅದನ್ನೂ ಕೆಡಿಸಿಕೊಂಡರೆ ಹೇಗೆ...

ಸಂಜೆ

ಬ್ರಶ್ ಹಾಕಿ ಧೂಳು ತೆಗೆದೆ. ತಲೆಕೆಳಗು ಮಾಡಿ ತಟ್ಟಿದೆ. ಆಫ್ ಮಾಡಿ ಆನ್ ಮಾಡಿದೆ. ಊಹೂಂ. ಇಪ್ಪತ್ತಾರು ವರ್ಷದಿಂದ ಕಚೇರಿಯಲ್ಲಿ ಟೈಪಿಂಗ್ ಮಾಡುತ್ತಿರುವವಳು. ನನ್ನ ಬೆರಳಿಗೇ ಬೀಳದ ಕೀ ಕೆಟ್ಟಿದೆ ಎಂದೇ ಲೆಕ್ಕ.

ಇವರು ಲ್ಯಾಪ್‌ಟಾಪನ್ನು ತಮ್ಮತ್ತ ಎಳೆದುಕೊಳ್ಳಲು ನೋಡಿದರು. ಬಿಡಲಿಲ್ಲ. "ಇನ್ನಷ್ಟು ಹಾಳು ಮಾಡ್ಬೇಡಿ" ಎಂದೆ. ಗೋಡೆಗೆ ಮುಖ ಮಾಡಿ ಮಲಗಿದ್ದಾರೆ. ಸಿಟ್ಟಾದರೆ ಆಗಲಿ.

ಮಾರ್ಚ್ 4

ರಿಪೇರಿ ಅಂಗಡಿಗೆ ಕೊಟ್ಟು ಬಂದೆ. ನಾಲ್ಕು ದಿನ ಬೇಕಂತೆ. ಇವರಿಗೆ ಪೆನ್ನು ಹಿಡಿಯಲಾಗದು. "ಅಲ್ಲೀವರೆಗೆ ಹೂಂ, ಊಹೂಂ ಅಂತ ತಲೆ ಆಡ್ಸಿ ಸಾಕು" ಎಂದೆ. ಆಡಿಸಲಿಲ್ಲ.

ಮಾರ್ಚ್ 7

ಬರೆಯಲು ಏನೂ ಇರಲಿಲ್ಲ. ಮನೆ ಬಿಕೋ ಎನ್ನುತ್ತಿದೆ.

ಡ್ರೈವಿಂಗ್ ಸ್ಕೂಲ್ ನಡೆಸಿದ ಮನುಷ್ಯ. ಕಾರಿನಲ್ಲಿ ಕೂತರೆ ಬಾಯಿಗೆ ಬಿಡುವೇ ಇರುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ನನಗೂ ಕಲಿಸಲು ಹೊರಟರು. "ನಿಧಾನ, ನಿಧಾನ, ಕ್ಲಚ್ ಮೆಲ್ಲಗೆ ಬಿಡು" — ಹದಿನೈದು ಸಲ ಹೇಳಿಸಿಕೊಂಡು ರೇಗಿಹೋಗಿ, ನಡುರಸ್ತೆಯಲ್ಲಿ ಇಳಿದು ನಡೆದೇ ಮನೆಗೆ ಬಂದಿದ್ದೆ. ಈಗ ಆ ಬಾಯಿಂದ ಒಂದು ಬೈಗುಳ ಕೇಳಿದರೂ ಸಾಕೆನಿಸುತ್ತದೆ.

ಮಾರ್ಚ್ 8, ಮಧ್ಯಾಹ್ನ

ರಿಪೇರಿಯವರು ನಕ್ಕರು. "ಏನೂ ಕೆಟ್ಟಿಲ್ಲ ಮೇಡಂ. ಒಂದು ಸೆಟ್ಟಿಂಗ್ ಆನ್ ಆಗಿತ್ತು ಅಷ್ಟೇ. ಬಲಗಡೆ ಶಿಫ್ಟ್ ಕೀ ಮೇಲೆ ಎಂಟು ಸೆಕೆಂಡ್ ಕೈ ಊರಿದ್ರೆ, ಬೇಕಾ ಅಂತ ಕೇಳುತ್ತೆ. ಹೌದು ಅಂದ್ರೆ ಆನ್. ಆಮೇಲೆ ನಿಧಾನವಾಗಿ ಒತ್ತಿ ಹಿಡಿದ್ರೆ ಮಾತ್ರ ಅಕ್ಷರ ಬೀಳೋದು. ಕೈ ನಡುಗೋರಿಗೆ ಅಂತ ಇಟ್ಟಿರೋದು. ಆಫ್ ಮಾಡಿದೀನಿ."

ಪಟಪಟ ಟೈಪ್ ಮಾಡಿ ನೋಡಿದೆ. ಎಲ್ಲ ಕೀ ಬೀಳುತ್ತಿದೆ. ದಾರಿಯುದ್ದಕ್ಕೂ ಏನೋ ಗೆದ್ದವಳ ಹಾಗೆ ಬಂದೆ.

ಸಂಜೆ 6

ಇವರ ಮುಂದಿಟ್ಟೆ. ಬೆರಳು ನಡುಗಿ ಒಂದು ಅಕ್ಷರ ಹತ್ತಾಗಿ ಬೀಳುತ್ತಿದೆ. ಅಳಿಸಲು ಹೋದರೆ ಸಾಲಿಗೆ ಸಾಲೇ ಮಾಯ. ಅರ್ಧ ಗಂಟೆ ಒದ್ದಾಡಿ ಬರೆದದ್ದು ಇಷ್ಟು — ನಾನೇ ಆನ್ ಮಾಡಿದ್ದು. ಅದು ಕಾಯುತ್ತೆ. ನೀನು ಕಾಯಲ್ಲ.

ಹೌದು. ಏಳು ತಿಂಗಳಿಂದ, ಎರಡಕ್ಷರ ಬೀಳುವಷ್ಟರಲ್ಲಿ "ನೀರಾ? ಫ್ಯಾನಾ?" ಎಂದು ಇವರ ಮಾತನ್ನು ನಾನೇ ಮುಗಿಸುತ್ತಿದ್ದೇನೆ. ಇವರ ಪೂರ್ತಿ ಮಾತು ಓದಿದ್ದು ಇವತ್ತೇ ಮೊದಲು. ಬಚ್ಚಲಿಗೆ ಹೋಗಿ, ನಲ್ಲಿ ಬಿಟ್ಟುಕೊಂಡು ಅತ್ತೆ.

ಮಾರ್ಚ್ 9, ಬೆಳಗ್ಗೆ 9.15

ಶಿಫ್ಟ್ ಕೀ ಒತ್ತಿ ಹಿಡಿದೆ. ಎಂಟರವರೆಗೆ ಎಣಿಸಿದೆ. ಬೇಕಾ ಎಂದು ಕೇಳಿತು. ಹೌದು ಎಂದು ಒತ್ತಿದೆ. ಇವರು ನನ್ನನ್ನೇ ನೋಡುತ್ತಿದ್ದರು.

"ಆವತ್ತು ಮೇಜು ಬಡಿದ್ರಲ್ಲ, ಏನ್ ಹೇಳೋಕೆ ಹೊರಟಿದ್ರಿ? ಈಗ ಹೇಳಿ. ರಜಾ ಹಾಕಿದೀನಿ."

ಬೆರಳು ಇಟ್ಟಿದ್ದಾರೆ. ನನ್ನ ಕೈ ಸುಮ್ಮನಿರುವುದಿಲ್ಲವೆಂದು ಪೆನ್ನು ಹಿಡಿದು ಕೂತಿದ್ದೇನೆ. 'ನಿ' ಬಂತು. ನಿದ್ದೆ ಬಂತಾ ಎಂದು ಕೇಳಲು ಬಾಯಿ ತೆರೆದೆ. ಮುಚ್ಚಿದೆ. ಕಾಯುತ್ತೇನೆ. ಇನ್ನೊಂದು ಬಂತು... 'ಧಾ' —