ಒರಟು ನಿಬ್ಬು

ಗೆಳೆಯಾ,

ನೀನು ಹೋಗಿ ಆರು ತಿಂಗಳಾದ ಮೇಲೆ, ಇಂದು ನಿನ್ನ ಮಗಳು ನಿನ್ನ ಹಸಿರು ಪೆನ್ನು ಹಿಡಿದು ನನ್ನ ಪೆನ್ನಿನ ಅಂಗಡಿಗೆ ಬಂದಿದ್ದಳು. ಆಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ.

"ನಿಬ್ಬು ಕೆರೆಯುತ್ತೆ ಮಾಮ. ಅಪ್ಪ ಬದಲಾಯಿಸೋಕೇ ಬಿಡ್ತಿರಲಿಲ್ಲ. ನನ್ನ ಸ್ನೇಹಿತ ಕೈಯಾರೆ ತೊಳೆದು ಹಾಕಿಕೊಟ್ಟಿದ್ದು ಅಂತಿದ್ರು."

ಹಾಕಿಕೊಟ್ಟದ್ದು ನಿಜ. ಅಂದು ನೀನು ತೊಳೆಯಲು ಕೊಟ್ಟಾಗ, ನಿನ್ನ ಮೆತ್ತನೆಯ ನಿಬ್ಬನ್ನು ಬಿಚ್ಚಿ ನನ್ನ ಪೆನ್ನಿಗೆ ಕೂರಿಸಿಕೊಂಡು, ನಿನ್ನದಕ್ಕೆ ಅದೇ ಬಣ್ಣದ ಒರಟು ನಿಬ್ಬು ಹಾಕಿದ್ದೆ. ನಿನ್ನ ಗೀಚಾಟಕ್ಕೆ ಅಷ್ಟು ಒಳ್ಳೆಯದು ದಂಡ ಎಂಬುದು ಆಗಿನ ನನ್ನ ಲೆಕ್ಕ.

ಇಂದು ಅವಳಿಗೆ ಕಾಣದಂತೆ ಜೇಬಿನಿಂದ ನನ್ನ ಪೆನ್ನು ತೆಗೆದು, ಆ ಮೆತ್ತನೆಯ ನಿಬ್ಬನ್ನು ಬಿಚ್ಚಿ ಅವಳದಕ್ಕೆ ಕೂರಿಸಿದೆ. ಬರೆದು ನೋಡಿದಳು.

"ಬೆಣ್ಣೆ ಥರ ಓಡುತ್ತೆ ಮಾಮ! ಆದ್ರೆ ಆ ಹಳೇದನ್ನ ಕೊಡಿ, ಅದು ಅಪ್ಪಂದು."

ಒರಟು ನಿಬ್ಬನ್ನು ಕರವಸ್ತ್ರದಲ್ಲಿ ಜೋಪಾನವಾಗಿ ಸುತ್ತಿಕೊಂಡಳು.

"ಇಷ್ಟು ಒಳ್ಳೇದು ಎಲ್ಲಿತ್ತು?"

ಗಿರಾಕಿಯ ಮುಂದೆ ಎಂದೂ ತಡವರಿಸಿದವನಲ್ಲ ನಾನು.

"ಹಳೇ ಸ್ಟಾಕಮ್ಮ" ಎಂದೆ.