ಸೊಪ್ಪಿನ ಸೈಕಲ್ಲಿನ ಹರಕೆ

ಹೆಗ್ಗನಹಳ್ಳಿ
20-1-1986

ಚಿರಂಜೀವಿ ಪುರುಷೋತ್ತಮನಿಗೆ ನಿಮ್ಮಮ್ಮ ಮಾಡುವ ಆಶೀರ್ವಾದಗಳು.

ಮೈ ಹೇಗಿದೆ ಮಗ? ಜಬಲ್‌ಪುರದ ಚಳಿಗೆ ಕಿವಿಗೆ ಬಟ್ಟೆ ಕಟ್ಟಿಕೊಳ್ಳುತ್ತೀಯ ತಾನೇ? ಕಾಮಾಲೆ ಬಂದು ಹೋದ ಮೈ, ಕರಿದದ್ದು ಮುಟ್ಟಬೇಡ. ನಿಮ್ಮ ಮಿಲಿಟರಿ ಊಟದಲ್ಲಿ ಮಜ್ಜಿಗೆ ಇಲ್ಲದಿದ್ದರೆ ಬಾಯಿ ಬಿಟ್ಟು ಕೇಳು. ಕೇಳದೆ ಸುಮ್ಮನಿರುವುದು ನಿಮ್ಮಪ್ಪನ ಕಡೆಯ ಗುಣ. ಇಲ್ಲಿ ಹಸು ಈದಿದೆ, ಹೆಣ್ಣು ಕರು. ನಾವು ಕ್ಷೇಮ ಎಂದು ಬರೆಯುವುದು ವಾಡಿಕೆ, ಬರೆದಿದ್ದೇನೆ ಅಂದುಕೋ. ನಿಜ ಹೇಳಬೇಕೆಂದರೆ ನಿನ್ನೆಯಿಂದ ನನಗೆ ಕೈಕಾಲು ಆಡುತ್ತಿಲ್ಲ.

ಹೋದ ವರ್ಷ ನೀನು ಆಸ್ಪತ್ರೆ ಸೇರಿದೆ ಎಂದು ತಂತಿ ಬಂತಲ್ಲ, ಆವತ್ತು ನಿಮ್ಮಪ್ಪ ಅರಿಶಿನದ ಬಟ್ಟೆಯಲ್ಲಿ ಮುಡುಪು ಕಟ್ಟಿ, "ಮಂಜುನಾಥ, ನನ್ ಮಗ ಎದ್ದು ಓಡಾಡಂಗಾದ್ರೆ ಸೈಕಲ್ ತುಳ್ಕೊಂಡೇ ನಿನ್ನತ್ರ ಬರ್ತೀನಿ" ಎಂದು ಧರ್ಮಸ್ಥಳಕ್ಕೆ ಹರಕೆ ಹೊತ್ತರು. ನನಗೇನೂ ಅನ್ನಿಸಲಿಲ್ಲ. ಸೈಕಲ್ಲಿಲ್ಲದೆ ನಿಮ್ಮಪ್ಪನನ್ನು ಯಾರಾದರೂ ನೋಡಿದ್ದಾರೆಯೇ? ಹೆಸರು ಹೇಳಿದರೆ ತಿಳಿಯದು, ಸೈಕಲ್ ಸೊಪ್ಪಿನವರು ಎಂದರೆ ರಾಜಾಜಿನಗರದ ಹೆಂಗಸರೆಲ್ಲ ಬಾಗಿಲಿಗೆ ಬರುತ್ತಾರೆ. ಶಿವರಾತ್ರಿಗೆ ಧರ್ಮಸ್ಥಳಕ್ಕೆ ಸೈಕಲ್ಲಿನಲ್ಲೇ ಹೊರಡುವ ನಮ್ಮೂರ ಭಜನೆ ಮಂಡಳಿಯ ಹುಡುಗರು "ಹಿರೀಕ್ರು ನೀವು, ಮುಂದ್ಗಡೆ ಬಾವುಟ ನಿಮ್ದೇ" ಎಂದು ಒಪ್ಪಿಸಿಬಿಟ್ಟರು. ಸೈಕಲ್ ಶಾಪಿನ ಚಿಕ್ಕಣ್ಣ ಶಿರಾಡಿ ಘಾಟಿಯ ಇಳಿಜಾರಿಗೆಂದು ಬ್ರೇಕಿಗೆ ಹೊಸ ರಬ್ಬರ್ ಕಟ್ಟೆ ಹಾಕಿಕೊಟ್ಟ. ನಾನು ರಾಗಿ ಹುರಿದು ಹುರಿಹಿಟ್ಟು ಮಾಡಿದೆ, ಸೀಟಿಗೆ ಹಳೇ ಸೀರೆಯ ಮೆತ್ತೆ ಹೊಲಿದೆ. ಆ ಮೆತ್ತೆ ನೋಡಿ ನಿಮ್ಮಪ್ಪ ಮುಖ ತಿರುಗಿಸಿಕೊಂಡರು. ಬಣ್ಣ ಹಿಡಿಸಲಿಲ್ಲವೇನೋ ಅಂದುಕೊಂಡೆ.

ನಿನ್ನೆ ಭಾನುವಾರ ಮಾಗಡಿಯವರೆಗೆ ತುಳಿದು ನೋಡುವುದೆಂದು ಎಲ್ಲರೂ ಹೊರಟರು. ನಾವು ಆರತಿ ಎತ್ತಿದೆವು. ಹುಡುಗರು ಸರ‍್ರನೆ ಹೋದರು. ನಿಮ್ಮಪ್ಪ "ನೀವ್ ನಡೀರಪ್ಪ, ಹಿಂದ್ಗಡೆ ಬರ್ತೀನಿ" ಎಂದು ಸೈಕಲ್ ತಳ್ಳಿಕೊಂಡೇ ನಡೆದರು. ನೋಡಿದರೆ ಹುರಿಹಿಟ್ಟಿನ ಗಂಟು ಜಗಲಿಯಲ್ಲೇ ಉಳಿದಿದೆ. ಎತ್ತಿಕೊಂಡು ಹಿಂದೆಯೇ ಓಡಿದೆ. ಮಾರಮ್ಮನ ಗುಡಿ ದಾಟಿದ ತಿರುವಿನಲ್ಲಿ ಅವರು ಆಚೆ ಈಚೆ ನೋಡಿ, ಎಡಗಾಲು ಪೆಡಲಿನ ಮೇಲಿಟ್ಟು, ಬಲಗಾಲಲ್ಲಿ ಕುಂಟಿಕೊಂಡು ಸ್ವಲ್ಪ ದೂರ ಹೋಗಿ ಮೇಲೆ ಹಾರಿದರು. ಸೈಕಲ್ ಒಂದು ಕಡೆ, ಇವರು ಒಂದು ಕಡೆ. ತಲೆ ಸುತ್ತು ಬಂದಿರಬೇಕೆಂದು ಕಿರುಚಿಕೊಂಡು ಹೋದೆ. ಬೇಲಿಯೊಳಗೆ ಕೂತು, ಪಂಚೆಯ ಮುಳ್ಳು ಕೀಳುತ್ತಾ, ನನ್ನ ಮುಖ ನೋಡದೆ ಹೇಳಿದರು: "ನಂಗೆ ಸೈಕಲ್ ಬರಲ್ಲ ಕಣೇ. ಯಾವತ್ತೂ ಬರ್ತಿರ್ಲಿಲ್ಲ."

ನಾನೂ ಅಲ್ಲೇ ಕೂತುಬಿಟ್ಟೆ ಮಗ. ಆ ಸೈಕಲ್ ನಮ್ಮಪ್ಪ ಮದುವೆಯಲ್ಲಿ ಕೊಟ್ಟದ್ದು. ಹೆಣ್ಣು ಕೊಟ್ಟ ಮಾವನ ಎದುರು ಬರಲ್ಲ ಅನ್ನುವುದು ಹೇಗೆ ಎಂದು ಸುಮ್ಮನಾದರಂತೆ, ಆಮೇಲೆ ಹೇಳಲು ನಾಚಿಕೆಯಾಯಿತಂತೆ. ಹೋಗುವಾಗ ಸೊಪ್ಪಿನ ಹೊರೆ, ತಳ್ಳಲೇಬೇಕು, ಸರಿ. ಬರುವಾಗ ಖಾಲಿ ಸೈಕಲ್ ಯಾಕೆ ತಳ್ಳಿಕೊಂಡು ಬರುತ್ತಾರೆ ಎಂದು ನಾನೊಬ್ಬಳಾದರೂ ಕೇಳಬಾರದಿತ್ತೇ? ಟೈರು ಸವೆಯದಿರಲಿ ಅಂತ ಜಿಪುಣತನ ಮಾಡುತ್ತಾರೆ ಎಂದು ಅಕ್ಕಪಕ್ಕದವರ ಹತ್ತಿರ ಆಡಿಕೊಂಡಿದ್ದೇನೆ. ಹೋಗಲಿ, ನಿನಗೆ ಸೈಕಲ್ ಕಲಿಸಿದವರು ಯಾರು? ಕೆರೆ ಬಯಲಲ್ಲಿ ಕ್ಯಾರಿಯರ್ ಹಿಡಿದು ನಿನ್ನ ಹಿಂದೆ ಓಡಿದವರು ಇವರೇ ಅಲ್ಲವೇ? ನೆನೆದರೆ ನಗು ಬರುತ್ತದೆ, ಹಿಂದೆಯೇ ಅಳು ಬರುತ್ತದೆ. ಇಷ್ಟು ವರ್ಷ ಒಂದೇ ಸೂರಿನಡಿ ಬಾಳಿ ಇದೊಂದು ನನಗೆ ಗೊತ್ತಾಗಲಿಲ್ಲವಲ್ಲ.

ಸೈಕಲ್ ಬರದಿದ್ದ ಮೇಲೆ ಆ ಹರಕೆ ಯಾಕೆ ಹೊತ್ತಿರಿ, ನಡೆದು ಬರ್ತೀನಿ ಅನ್ನಬಹುದಿತ್ತಲ್ಲ ಎಂದು ರೇಗಿದೆ. "ನಡಿಯೋದು ದಿನಾ ನಡೀತೀನಿ. ಬರೋ ಕೆಲ್ಸನೇ ಹೊತ್ಕೊಂಡ್ರೆ ಅದು ಹರಕೆ ಹೆಂಗಾಯ್ತದೆ? ನಾನ್ ಕೇಳ್ತಿದ್ದದ್ದು ಮಗನ್ ಜೀವ" ಎಂದರು.

ಇವತ್ತು ಬೆಳಿಗ್ಗೆ ಮಂಜಿನಲ್ಲಿ ಯಾರೂ ಏಳುವ ಮುಂಚೆ ನಾನೇ ಸೈಕಲ್ ಹಿಂದೆ ಹಿಡಿದುಕೊಂಡು ಅವರನ್ನು ಹತ್ತಿಸಿದೆ. ಇಬ್ಬರೂ ಬಿದ್ದೆವು, ನನ್ನ ಬಳೆ ಒಡೆಯಿತು. ನೀರಿಗೆ ಬಂದ ನರಸಮ್ಮ "ಈ ವಯಸ್ನಲ್ಲಿ ಇದೇನಕ್ಕ" ಎಂದು ಸೆರಗು ಬಾಯಿಗೆ ಇಟ್ಟುಕೊಂಡಳು. ಕರು ಹುಡುಕುತ್ತಿದ್ದೇವೆ ಎಂದೆ. ಚಿಕ್ಕಣ್ಣನಿಗೆ ಹೇಳೋಣ ಎಂದರೆ ಊರು ಬಿಡ್ತೀನಿ ಅನ್ನುತ್ತಾರೆ, ಹರಕೆ ಬಿಡಿ ಎಂದರೆ ಊಟ ಬಿಡುತ್ತಾರೆ. ಹೀಗೇ ಹೊರಟರೆ ಆ ಘಾಟಿಯಲ್ಲಿ ಏನಾಗುತ್ತದೋ ನೆನೆಸಿಕೊಳ್ಳಲೂ ಭಯ.

ನಿನ್ನ ಜೊತೆಯ ಹುಡುಗರಿಗೆಲ್ಲ ನಮ್ಮ ಆಶೀರ್ವಾದ ತಿಳಿಸು. ಮಂಜುನಾಥ ನಿನ್ನನ್ನು ತಣ್ಣಗೆ ಇಟ್ಟಿರಲಿ.

ಇಂತಿ ನಿನ್ನ ಅಮ್ಮ,
ಮುನಿತಾಯಮ್ಮ

ಮರೆತಿದ್ದೆ: ರಜೆ ಕೇಳಿಕೊಂಡು ಶಿವರಾತ್ರಿಗೆ ಮುಂಚೆ ಬಾ. ನಾನು ಬರೆದದ್ದು ನಿಮ್ಮಪ್ಪನಿಗೆ ತಿಳಿಯಬಾರದು, ಅವರ ಜೊತೆ ಹರಕೆಗೆ ಹೋಗಲು ಬಂದೆ ಅನ್ನು. ಬೆಳಿಗ್ಗೆ ಕೆರೆ ಬಯಲಿಗೆ ಕರೆದುಕೊಂಡು ಹೋಗಿ ಹಿಂದಿನಿಂದ ಕ್ಯಾರಿಯರ್ ಹಿಡಿದು ಓಡು. ನನ್ನ ಕೈಲಿ ಆಗುವುದಿಲ್ಲ, ಬೇರೆ ಯಾರು ಹಿಡಿದರೂ ಅವರು ಹತ್ತುವುದಿಲ್ಲ. ಕೈ ಬಿಡುವಾಗ ಮಾತ್ರ ಹೇಳಬೇಡ, ನಿನಗೂ ಅವರು ಹೇಳಿರಲಿಲ್ಲ.